ಶುಭದ ಡಿಸ್ಕು, ಹಿರಿಯರ ಡಿಸ್ಕು

ಕುಶಾಲನಗರದ ಸುತ್ತಮುತ್ತ ತೀರಿಕೊಂಡವರಿಗೆಲ್ಲ ಕೊನೆಯ ಅಂಗಿ ತೊಡಿಸುವವಳು ಉಷಾರಾಣಿ. ಕೂಡಿಗೆ, ಹೆಬ್ಬಾಲೆ, ತೊರೆನೂರು, ಅತ್ತ ಕಣಿವೆಯವರೆಗೂ ಯಾರ ಮನೆಯಲ್ಲಿ ಸಾವಾದರೂ ಎರಡು ದಿನ ಕಳೆಯುವುದರೊಳಗೆ ಒಬ್ಬರು ಫೋನು ಹಿಡಿದುಕೊಂಡು ಅವಳ ಬಾಗಿಲಿಗೆ ಬರುತ್ತಾರೆ. ಫೋನಿನಲ್ಲಿ ಸತ್ತವರು ಬನಿಯನ್ನಿನಲ್ಲಿ ಜಗಲಿಯ ಮೇಲೆ ಕೂತಿರುತ್ತಾರೆ. ಇಲ್ಲವೇ ಯಾರದೋ ಮದುವೆಯ ಗುಂಪಿನಲ್ಲಿ ಇನ್ನೊಬ್ಬರ ಹೆಗಲ ಹಿಂದಿನಿಂದ ಇಣುಕುತ್ತಿರುತ್ತಾರೆ. ಉಷಾರಾಣಿ ಆ ಮುಖವನ್ನು ನಾಜೂಕಾಗಿ ಬಿಡಿಸಿ ತೆಗೆದು, ಅದಕ್ಕೊಂದು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಡಿಸಿ, ಹಿಂದೆ ತಿಳಿನೀಲಿ ಆಕಾಶ ಹಾಸಿ, ತಿಥಿ ಕಾರ್ಡಿಗೂ ಫ್ಲೆಕ್ಸಿಗೂ ಗೋಡೆಯ ಫ್ರೇಮಿಗೂ ಹೊಂದಿಸಿ ಕೊಡುತ್ತಾಳೆ. ಬದುಕೆಲ್ಲ ಶುಂಠಿ ಗದ್ದೆಯಲ್ಲಿ ಬಗ್ಗಿದವರಿಗೆ, ಮಕ್ಕಳು ಆಸೆಪಟ್ಟರೆ, ಕೋಟೂ ಬರುತ್ತದೆ. ಹೆಂಗಸರಿಗೆ ರೇಷ್ಮೆ ಸೀರೆ. ಅವಳ ಕಂಪ್ಯೂಟರಿನಲ್ಲಿ ತಲೆಯಿಲ್ಲದ ಅಂಗಿಗಳದೂ ಸೀರೆಗಳದೂ ಒಂದು ಬೀರುವೇ ಇದೆ. ಒಂದೇ ಮೆರೂನ್ ಸೀರೆಯನ್ನುಟ್ಟು ಮೂರು ಊರಿನ ಅಜ್ಜಿಯರು ಮೂರು ಗೋಡೆಗಳ ಮೇಲೆ ಕೂತಿದ್ದಾರೆ. ಬದುಕಿದ್ದಾಗ ಹೀಗಾಗಿದ್ದರೆ ಜಗಳವೇ ನಡೆದುಹೋಗುತ್ತಿತ್ತು.

ಮದುವೆ ಆಲ್ಬಮ್ಮುಗಳೂ ಇದೇ ಕೈಯಲ್ಲಿ ಆಗುತ್ತವೆ. ನಿಜ ಹೇಳಬೇಕೆಂದರೆ ಮೂಲ ಕಸುಬು ಅದೇ. ಗಂಡ ಶಶಿಕುಮಾರ್ ಮದುವೆಗಳಲ್ಲಿ ಫೋಟೊ ತೆಗೆಯುತ್ತಿದ್ದ, ಇವಳು ಮನೆಯ ಮುಂದಿನ ಕೋಣೆಯಲ್ಲಿ ಕೂತು ಆಲ್ಬಮ್ ಜೋಡಿಸುತ್ತಿದ್ದಳು. ಅವನು ಆರಿಸಿ 'ಸೆಲೆಕ್ಟ್' ಎಂಬ ಫೋಲ್ಡರಿಗೆ ಹಾಕಿದ್ದಷ್ಟೇ ಅವಳ ಪಾಲಿನದು. ಪಕ್ಕದ 'ಒರಿಜಿನಲ್' ಫೋಲ್ಡರಿನ ಗೊಡವೆಗೆ ಅವಳು ಹೋದವಳಲ್ಲ. ಒಂದು ಮದುವೆಗೆ ಸಾವಿರಗಟ್ಟಲೆ ಫೋಟೊ. ಅಷ್ಟನ್ನೂ ನೋಡುತ್ತ ಕೂತರೆ ಒಲೆ ಹಚ್ಚುವವರು ಯಾರು? ಸಾವಿನ ಕೆಲಸ ತಾನಾಗಿ ಬಂದು ಸೇರಿಕೊಂಡದ್ದು. ಯಾರೋ ಒಬ್ಬರು ಕೇಳಿದರು, ಇವಳು ಇಲ್ಲವೆನ್ನಲಿಲ್ಲ, ಮಾತು ಊರೂರಿಗೆ ಹೋಯಿತು.

ತನ್ನ ಕೋಣೆಯಲ್ಲಿರುವುದು ಎಂಥ ಆಸ್ತಿಯೆಂದು ಅವಳಿಗೆ ಗೊತ್ತಾದದ್ದು ಕಾವೇರಿ ಬಡಾವಣೆಗಳೊಳಗೆ ನುಗ್ಗಿದ ವರ್ಷ. ಕಿಟಕಿಯ ಮಟ್ಟಕ್ಕೆ ನೀರು ಬಂದಾಗ ಶಶಿಕುಮಾರ್ ಒಂದು ಕೈಯಲ್ಲಿ ಅವ್ವನನ್ನು ಹಿಡಿದು, ತಲೆಯ ಮೇಲೆ ಕಂಪ್ಯೂಟರ್ ಹೊತ್ತು ತಾರಸಿ ಹತ್ತಿದ. ಬೀರುವಿನಲ್ಲಿದ್ದ ಅವರದೇ ಮದುವೆಯ ಆಲ್ಬಮ್ ಯಾರ ನೆನಪಿಗೂ ಬರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರಲ್ಲ, ಹಾಗೆ. ಊರಿನ ಮದುವೆಗಳೆಲ್ಲ ಉಳಿದವು, ಅವರ ಮದುವೆ ಕೆಸರಾಯಿತು. ನೀರಿಳಿದ ಮೇಲೆ ಜನ ಒಬ್ಬೊಬ್ಬರಾಗಿ ಒದ್ದೆ ಫ್ರೇಮು ಹಿಡಿದು ಬಂದರು. ಗಾಜಿನ ಹಿಂದೆ ಮುಖವಿದ್ದ ಜಾಗದಲ್ಲಿ ಬರೀ ಕಂದು ಕಲೆ. "ಉಷಕ್ಕಾ, ನಿಮ್ಮತ್ರ ಅಪ್ಪನ ಫೋಟೊ ಐತಾ?" ಎಂದು ಕೇಳುತ್ತಿದ್ದರು. ಎಲ್ಲರದೂ ಇತ್ತು. ಎಲ್ಲರಿಗೂ ಮತ್ತೆ ತೆಗೆದುಕೊಟ್ಟಳು. ಕೊನೆಯವರು ಹೋದ ಮೇಲೆ ಅವಳಿಗೆ ಹೆದರಿಕೆ ಶುರುವಾಯಿತು. ಈ ಡಬ್ಬಿಯೇ ಕೆಟ್ಟರೆ?

ಕಂಪ್ಯೂಟರ್ ರಿಪೇರಿಯ ನವೀನ್‌ಕುಮಾರ್‌ನನ್ನು ಕರೆಸಿದರು. ಅವನು ಒಂದೇ ಅಳತೆಯ ಎರಡು ದೊಡ್ಡ ಹಾರ್ಡ್ ಡಿಸ್ಕ್ ತಂದು ಮೇಜಿನ ಮೇಲಿಟ್ಟು ಪಾಠ ಮಾಡಿದ. "ಇದಕ್ಕೆ ಮಿರರ್ ಅಂತಾರೆ ಅಕ್ಕ. ಕನ್ನಡಿ ಇದ್ದಂಗೆ. ನೀವು ಒಂದು ಫೋಟೊ ಹಾಕಿದ್ರೆ ಎರಡರಲ್ಲೂ ಒಟ್ಟಿಗೇ ಬರುತ್ತೆ. ಒಂದು ಕೆಟ್ಟೋಯ್ತು ಅಂದ್ರೂ ಇನ್ನೊಂದರಲ್ಲಿ ಎಲ್ಲಾ ಹಂಗೇ ಇರುತ್ತೆ."

ಅದೇ ಕೋಣೆಯ ಮೂಲೆಯ ಮಂಚದ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ಸಿದ್ದಮ್ಮ ಕೈ ನಿಲ್ಲಿಸಿದಳು.

"ಎಲ್ಲಾ ಅಂದ್ರೆ? ಅರಿಶಿಣದ ಶಾಸ್ತ್ರದ ಪಟನೂ ತಿಥಿ ಪಟನೂ ಒಂದೇ ಡಬ್ಬೀಲಾ?"

"ಡಬ್ಬಿ ಅಲ್ಲ ಅಜ್ಜಿ, ಡಿಸ್ಕು."

"ಏನಾರ ಆಗ್ಲಿ ಕಣಪ್ಪ. ಹೊಸ ಹೆಣ್ಣು-ಗಂಡಿನ ಪಕ್ಕದಲ್ಲಿ ಸತ್ತೋರ್ನ ಕೂರ್ಸಿದ್ರೆ ಯಾವ ಮನೆ ಉದ್ಧಾರ ಆಯ್ತದೆ? ನನ್ನ ಮನೇಲಿ ಅಂಥದ್ದು ಬ್ಯಾಡ."

ಸಿದ್ದಮ್ಮನ ಮಾತನ್ನು ನಕ್ಕು ತಳ್ಳಿಹಾಕುವ ಹಾಗಿರಲಿಲ್ಲ. ಮದುವೆ ಕರೆಯೋಲೆಯ ನಾಲ್ಕು ಮೂಲೆಗೂ ಅರಿಶಿಣ ಹಚ್ಚುವ ಜನ ಇವರು. ತಿಥಿ ಕಾರ್ಡನ್ನು ಹೊಸ್ತಿಲಾಚೆಯೇ ಓದಿ, ಹರಿದು ಬಿಸಾಡಿ, ಆಮೇಲೆ ಒಳಗೆ ಬರುವವರು. ಆಲ್ಬಮ್ ಆರಿಸಲು ಬಂದ ಬೀಗರು ಪಕ್ಕದಲ್ಲಿ ಕೂತಿರುವಾಗ ಪರದೆಯ ಮೇಲೆ ಯಾರದೋ ವೈಕುಂಠ ಸಮಾರಾಧನೆ ಮೂಡಿ, ಹುಡುಗಿಯ ತಾಯಿ ಎದ್ದುಹೋದದ್ದು ಒಮ್ಮೆ ನಡೆದೂ ಇತ್ತು. ಉಷಾರಾಣಿ ಗಂಡನ ಮುಖ ನೋಡಿದಳು. ಅವನು ಎಂದಿನಂತೆ ನಕ್ಕ. "ಅವ್ವ ಹೇಳಿದಂಗೇ ಇರ್ಲಿ ಬಿಡು ನವೀನ. ಡಿಸ್ಕು ಎರಡವೆ. ಒಂದರಲ್ಲಿ ಮದುವೆ, ಇನ್ನೊಂದರಲ್ಲಿ ಹಿರಿಯರು. ಜಗಳವೇ ಇಲ್ಲ."

"ಅಣ್ಣ, ಹಂಗೆ ಮಾಡಿದ್ರೆ ಮಿರರ್ ಎಲ್ಲಿ ಉಳೀತು?" ಎಂದು ನವೀನ್‌ಕುಮಾರ್ ಗೋಗರೆದ. ಯಾರು ಕೇಳಬೇಕು? ಶಶಿಕುಮಾರ್ ಬಿಳಿ ಚೀಟಿ ಕತ್ತರಿಸಿ ಒಂದರ ಮೇಲೆ 'ಶುಭ' ಎಂದೂ ಇನ್ನೊಂದರ ಮೇಲೆ 'ಹಿರಿಯರು' ಎಂದೂ ದಪ್ಪಕ್ಷರದಲ್ಲಿ ಬರೆದು ಅಂಟಿಸಿದ. ಒಂದಕ್ಕೊಂದು ಜೋಡಿಯಾಗಲೆಂದು ತಂದ ಎರಡು ಡಿಸ್ಕುಗಳು ಹೀಗೆ ಒಂದೇ ಪೆಟ್ಟಿಗೆಯಲ್ಲಿ ಬೇರೆ ಬೇರೆ ಒಲೆ ಹೂಡಿದವು.

ತಾನೇ ಬರೆದ ಆ ಎರಡನೇ ಚೀಟಿಯ ಕೆಳಗೆ ಅವನೂ ಹೋಗಿ ಸೇರುತ್ತಾನೆಂದು ಯಾರಿಗೆ ಗೊತ್ತಿತ್ತು? ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಉಷಾರಾಣಿ ಊರಿಗೆಲ್ಲ ಮಾಡಿದ ಕೆಲಸವನ್ನು ಅವನಿಗೂ ಮಾಡಿದಳು. ಮುಖ ಬಿಡಿಸಿದಳು, ಅಂಗಿಗಳ ಬೀರು ತೆರೆದಳು, ಮುಚ್ಚಿದಳು. ಯಾವ ಅಂಗಿಯನ್ನೂ ಹಾಕಲು ಮನಸ್ಸು ಬಾರದೆ ಅವನ ನಸುಹಸಿರು ಚೌಕಳಿ ಶರ್ಟಿನಲ್ಲೇ ಬಿಟ್ಟಳು. ತನ್ನ ಫೋನು ತುಂಬಿದಾಗ ಅದರಲ್ಲಿದ್ದ ಅವನ ಫೋಟೊಗಳನ್ನೂ ಆ ಡಿಸ್ಕಿಗೇ ಸೇರಿಸಿ, ಫೋನನ್ನು ಖಾಲಿ ಮಾಡಿದಳು. ಆ ಫೋಲ್ಡರಿಗೆ ಹೆಸರು ಕೊಡುವಾಗ ಅವಳಿಗೆ ಅಳು ತಡೆಯಲಾಗಲಿಲ್ಲ. ತಲೆಗೂದಲು ಪೂರ್ತಿ ನೆರೆಯುವ ಮುಂಚೆಯೇ ಅವನು ಹಿರಿಯನಾಗಿಬಿಟ್ಟಿದ್ದ.

ಆದರೆ ಗೋಡೆಗೆ ಫೋಟೊ ಬರಲಿಲ್ಲ. ಸಿದ್ದಮ್ಮ ಬಿಡಲಿಲ್ಲ. ಗೋಡೆಯ ಮೇಲೆ ಅವಳ ಗಂಡ ಪುಟ್ಟಸ್ವಾಮಿ ಕೋಟು ತೊಟ್ಟು, ಮೀಸೆ ತಿರುವಿ ಕೂತಿದ್ದಾನೆ. "ಅಪ್ಪನ ಪಕ್ಕಕ್ಕೆ ಮಗನ್ನ ನೇತಾಕಿ ಹಾರ ಹಾಕಕ್ಕೆ ನಾನಿನ್ನೂ ಬದುಕಿರ್ಬೇಕಾ?" ಎಂದಳು. ಉಷಾರಾಣಿ ಮತ್ತೆ ಆ ಮಾತು ಎತ್ತಲಿಲ್ಲ. ಪ್ರತಿ ವರ್ಷ ಮಾರ್ಲಮಿ ಬರುತ್ತದೆ. ತೀರಿಕೊಂಡವರ ಫೋಟೊದ ಮುಂದೆ ಅವರವರಿಗೆ ಇಷ್ಟವಾದದ್ದನ್ನೆಲ್ಲ ಅಟ್ಟು ಎಡೆ ಇಡುವ ಹಿರಿಯರ ಹಬ್ಬ. ಅವನು ಹೋದ ಮೇಲಿನ ಎರಡು ಮಾರ್ಲಮಿಗಳಲ್ಲಿ ಪುಟ್ಟಸ್ವಾಮಿಯ ಎಡೆಯ ಪಕ್ಕದಲ್ಲಿ ಇನ್ನೊಂದು ಎಲೆ ಹಾಕಿದರು, ಖಾಲಿ ಗೋಡೆಯ ಮುಂದೆ. ಅತ್ತೆ ಅದಕ್ಕೆ ಬಡಿಸುವಾಗ ಮುಖ ಬೇರೆ ಕಡೆ ತಿರುಗಿಸಿಕೊಳ್ಳುತ್ತಿದ್ದಳು.

ಈ ವರ್ಷ, ಮಾರ್ಲಮಿಗೆ ಇನ್ನೂ ಕೆಲವು ದಿನ ಇರುವಾಗ, ಸಿದ್ದಮ್ಮ ತಾನಾಗಿಯೇ ಬಾಯಿಬಿಟ್ಟಳು. ಸೊಸೆಯ ಕೈಯಿಂದ ಕಾಫಿ ಲೋಟ ತೆಗೆದುಕೊಳ್ಳುತ್ತ, ಲೋಟವನ್ನೇ ನೋಡುತ್ತ ಹೇಳಿದಳು: "ಈ ಸಲ ಅವನ್ದೂ ಒಂದು ಪಟ ಮಾಡ್ಸವ್ವ. ಬರೀ ಗೋಡೆಗೆ ಬಡ್ಸಿ ಬಡ್ಸಿ ಸಾಕಾಗೋಯ್ತು. ಅವನ ಮುಕ ನೋಡ್ಬೇಕು ನಂಗೆ."

ಉಷಾರಾಣಿ ಅಡುಗೆಮನೆಗೆ ಹೋಗಿ ಸೆರಗಿನಿಂದ ಕಣ್ಣೊರೆಸಿಕೊಂಡು ಬಂದು ಕಂಪ್ಯೂಟರಿನ ಮುಂದೆ ಕೂತಳು. ಹಿರಿಯರ ಡಿಸ್ಕು ತೆರೆಯಲು ಹೋದಳು. ಪೆಟ್ಟಿಗೆಯೊಳಗಿನಿಂದ ಟಕ್ ಟಕ್ ಎಂದು ಒಂದು ಸದ್ದು ಬಂತು. ಪರದೆಯ ಮೇಲೆ 'ಶುಭ' ಒಂದೇ ಕಾಣುತ್ತಿತ್ತು.

ನವೀನ್‌ಕುಮಾರ್ ಬಂದು, ಡಿಸ್ಕನ್ನು ಬಿಚ್ಚಿ ಕಿವಿಗೆ ಹಿಡಿದು ನೋಡಿದ. ತನ್ನ ಅಂಗಡಿಗೆ ಒಯ್ದು ನೋಡಿದ. ಮೈಸೂರಿನ ಗೊತ್ತಿರುವವರಿಗೆ ಕಳಿಸಿಯೂ ನೋಡಿದ. "ಒಳಗಡೆ ತಟ್ಟೆನೇ ಗೀರಿಬಿಟ್ಟೈತೆ ಅಂತಾರಕ್ಕ. ಏನೂ ಬರಲ್ಲ." ಆವತ್ತೇ ಕನ್ನಡಿ ಮಾಡಿದ್ದರೆ ಎಂಬ ಮಾತು ಅವನ ನಾಲಿಗೆಯ ತುದಿಯಲ್ಲಿತ್ತು, ಮಂಚದ ಕಡೆ ನೋಡಿ ನುಂಗಿಕೊಂಡ. ಒಳ್ಳೆಯ ಹುಡುಗ.

ಸಿದ್ದಮ್ಮನಿಗೆ ಉಷಾರಾಣಿ ಆಗ ಹೇಳಲಿಲ್ಲ. ಹೇಗೆ ಹೇಳುವುದು? ಎರಡು ವರ್ಷದ ಮೇಲೆ ಮಗನ ಮುಖ ಕೇಳಿದವಳಿಗೆ, ನಿನ್ನ ಹಟದಿಂದಲೇ ಆ ಮುಖ ಹೋಯಿತು ಎನ್ನುವುದೇ? ಅವಳು ಹುಡುಕಿದಳು. ತಿಥಿ ಕಾರ್ಡು ಯಾರ ಮನೆಯಲ್ಲೂ ಸಿಗಲಿಲ್ಲ. ಪದ್ಧತಿಯಂತೆ ಎಲ್ಲರೂ ಹರಿದಿದ್ದರು. ಶ್ರದ್ಧಾಂಜಲಿಯ ಫ್ಲೆಕ್ಸು ಹಿಂದಿನ ಬೀದಿಯವರ ಸೌದೆಯ ಮೇಲಿತ್ತು. ಎತ್ತಿ ನೋಡಿದರೆ ಎರಡು ಮಳೆಗಾಲ, ಎರಡು ಬೇಸಿಗೆ ಅದರ ಮೇಲೆ ಹೋಗಿ ಎಲ್ಲ ಬೆಳ್ಳಗಾಗಿತ್ತು. ಚೌಕಳಿ ಶರ್ಟಿನ ಗೆರೆಗಳಷ್ಟೇ ಮಸುಕಾಗಿ ಉಳಿದಿದ್ದವು. ಆಧಾರ್ ಕಾರ್ಡೊಂದಿತ್ತು. ಅದರಲ್ಲಿದ್ದವನು ಯಾವುದೋ ಠಾಣೆಯಿಂದ ತಪ್ಪಿಸಿಕೊಂಡು ಬಂದವನ ಹಾಗಿದ್ದ. ಅದನ್ನು ತಾಯಿಯ ಮುಂದಿಡುವ ಧೈರ್ಯ ಅವಳಿಗಾಗಲಿಲ್ಲ.

ಅಷ್ಟರಲ್ಲಿ ಗಿರಾಕಿಗಳು ಬರತೊಡಗಿದರು. ಹಬ್ಬ ಹತ್ತಿರ ಬಂದಾಗಲೇ ಎಲ್ಲರಿಗೂ ಗೋಡೆಯ ಕಡೆ ಕಣ್ಣು ಹೋಗುವುದು. ಮೊದಲು ಬಂದವನು ತೊರೆನೂರಿನ ಲೋಹಿತ್. ಅವನ ಅಜ್ಜಿಯ ಫ್ರೇಮಿಗೆ ಗೆದ್ದಲು ಹತ್ತಿತ್ತು. "ನಿಮ್ಮತ್ರ ಇದ್ದೇ ಇರುತ್ತಲ್ಲ ಅಕ್ಕ, ಇನ್ನೊಂದು ತೆಗೆದುಕೊಡಿ" ಎಂದು ಹೇಳಿ ನಿರಾಳವಾಗಿ ಬೆಂಚಿನ ಮೇಲೆ ಕೂತ. ಉಷಾರಾಣಿ ಇಲ್ಲ ಎನ್ನಲು ಬಾಯಿ ತೆರೆದವಳು, ಆ ಅಜ್ಜಿಯ ಮುಖವನ್ನು ತಾನು ಮೊದಲು ಬಿಡಿಸಿದ್ದು ಎಲ್ಲಿಂದ ಎಂದು ಯೋಚಿಸಿದಳು. ಇದೇ ಲೋಹಿತನ ಚಿಕ್ಕಪ್ಪನ ಮದುವೆಯಿಂದ. ಆ ಮದುವೆಗೆ ಫೋಟೊ ತೆಗೆದವನು ಶಶಿಕುಮಾರ್.

ಶುಭದ ಡಿಸ್ಕು ತೆರೆದಳು. ಚಿಕ್ಕಪ್ಪನ ಮದುವೆ, ಊಟದ ಪಂಕ್ತಿ. ಅಜ್ಜಿ ಅಲ್ಲಿದ್ದಳು. ಪಾಯಸದ ಬಕೆಟ್ಟು ಹಿಡಿದವನಿಗೆ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು, ಬೇಡ ಬೇಡ ಎನ್ನುತ್ತ, ಬೇಕು ಎನ್ನುವ ಮುಖ ಮಾಡಿಕೊಂಡು ಕೂತಿದ್ದಳು.

ಲೋಹಿತ್ ಎದ್ದು ಬಂದು ಪರದೆಗೆ ಮೂಗು ತಾಗಿಸುವಷ್ಟು ಬಗ್ಗಿದ. "ಅಕ್ಕಾ, ಇದನ್ನೇ ಕೊಡಿ. ಆ ಮೆರೂನ್ ಸೀರೆ ನಮ್ಮಜ್ಜಿದಲ್ಲ ಅಂತ ನಮ್ಮಮ್ಮ ಯಾವಾಗ್ಲೂ ಬೈತಿದ್ರು."

ಆಮೇಲೆ ಬಂದವರಿಗೆಲ್ಲ ಅದೇ ದಾರಿಯಾಯಿತು. ಯಾರ ಅಪ್ಪ, ಯಾರ ಮನೆಯ ಮದುವೆಗೆ ಹೋಗಿದ್ದರು ಎಂದು ಕೇಳುವುದು, ಮದುವೆ ತೆರೆಯುವುದು. ಹೆಬ್ಬಾಲೆಯ ಪಟೇಲರು ಗಂಡಿನ ಕಡೆಯವರ ಜೊತೆ ಎಲೆಯಡಿಕೆಗೆ ಜಗಳವಾಡುತ್ತಿದ್ದರು. ಅಮ್ಮತ್ತಿಯ ಒಂದು ಮದುವೆಯಲ್ಲಿ, ಕೂಡಿಗೆಯಿಂದ ದಿಬ್ಬಣದ ಬಸ್ಸು ಹತ್ತಿ ಹೋಗಿದ್ದ ಮೇಷ್ಟ್ರು ಕುರ್ಚಿಯಲ್ಲೇ ನಿದ್ದೆ ಹೋಗಿದ್ದರು. ಸತ್ತವರೆಲ್ಲ ಶುಭದ ಡಿಸ್ಕಿನಲ್ಲಿ ಉಂಡುಕೊಂಡು, ನಕ್ಕುಕೊಂಡು ಇದ್ದರು. ಇದ್ದೇ ಇದ್ದರು, ಇಷ್ಟು ವರ್ಷವೂ. ಬೇರೆ ಬೇರೆ ಇಟ್ಟೆವೆಂದು ಸುಮ್ಮನೆ ಅಂದುಕೊಂಡಿದ್ದರಷ್ಟೇ.

ಹಿರಿಯರ ಚೀಟಿ ಹಚ್ಚಿದ್ದ ಡಿಸ್ಕು ಮೇಜಿನ ಮೇಲೆ ಬಿದ್ದಿರುವುದು ಸಿದ್ದಮ್ಮನಿಗೆ ಕಾಣದೆ ಇರುತ್ತದೆಯೇ? ಅವಳು ಓದಲಾರಳು, ಆದರೆ ಮಗ ಅಂಟಿಸಿದ ಚೀಟಿಯನ್ನು ಮರೆತವಳಲ್ಲ. ಎರಡು ದಿನ ದೂರದಿಂದಲೇ ನೋಡಿದಳು. ಮೂರನೆಯ ದಿನ ಮಂಚದಿಂದೆದ್ದು, ಸ್ಟೂಲು ಎಳೆದುಕೊಂಡು ಸೊಸೆಯ ಪಕ್ಕಕ್ಕೇ ಬಂದು ಕೂತಳು. ಪರದೆಯ ಮೇಲೆ ಒಂದು ಧಾರೆ ಮುಹೂರ್ತದ ಗುಂಪಿತ್ತು.

"ಅಲ್ನೋಡು, ಕಣಿವೆ ಗೌರಕ್ಕ. ನಂಗಿಂತ ಚಿಕ್ಕೋಳು, ಮೊದ್ಲೇ ಹೋದ್ಲು" ಎಂದಳು. ಇನ್ನೊಂದು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ, ದನಿ ತಗ್ಗಿಸಿ, "ಎಲ್ಲಾರೂ ಅವ್ರೆ. ನನ್ನ ಮಗ ಎಲ್ಲವ್ವ?"

ಉಷಾರಾಣಿ ಮೌಸಿನ ಮೇಲಿಂದ ಕೈ ತೆಗೆದಳು. ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ.

"ಅವರು ಆ ಡಿಸ್ಕಲ್ಲಿದ್ರು ಅತ್ತೆ. ಅದು ಹೋಯ್ತು. ಇದರಲ್ಲಿ ಹುಡುಕಿದೆ. ಎಲ್ಲಾ ಮದುವೆನೂ ಅವರೇ ತೆಗೆದಿದ್ದಲ್ವಾ, ಒಂದರಲ್ಲೂ ಅವರಿಲ್ಲ."

ಊರಿನವರೆಲ್ಲ ಶುಭದ ಡಿಸ್ಕಿನಲ್ಲಿ ಕ್ಯಾಮೆರಾದ ಕಡೆಗೆ ನೋಡಿ ನಗುತ್ತಿದ್ದರು. ಎಂದರೆ ಅವನ ಕಡೆಗೇ. ಅವನು ಮಾತ್ರ ಇಲ್ಲ. ಸಿದ್ದಮ್ಮ ಸೆರಗು ಬಾಯಿಗೊತ್ತಿಕೊಂಡಳು. "ನಾನೇ ಕಳೆದೆ" ಎಂದಳು. "ಬ್ಯಾರೆ ಇಡ್ರಿ, ಬ್ಯಾರೆ ಇಡ್ರಿ ಅಂತ ನಾನೇ ಬಡ್ಕೊಂಡೆ. ಬ್ಯಾರೆ ಇಟ್ಟು ಕಳೆದೆ." ಆ ದಿನ ಅವಳು ಮುದ್ದೆ ಮುಟ್ಟಲಿಲ್ಲ. ಸೊಸೆಯೂ ಮುಟ್ಟಲಿಲ್ಲ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂಬ ಗಾದೆ ಮಾಡಿದವರು ಈ ಮನೆಗೆ ಬಂದು ನೋಡಬೇಕಿತ್ತು. ಇಬ್ಬರದೂ ಒಂದೇ ಕಾಲವಾಗಿತ್ತು.

ಮಾರನೆಯ ದಿನ ಉಷಾರಾಣಿಗೆ ಧರ್ಮೇಂದ್ರನ ನೆನಪಾಯಿತು. ಧರ್ಮೇಂದ್ರ ಮೊದಲು ಶಶಿಕುಮಾರನ ಜೊತೆ ಮದುವೆಗಳಲ್ಲಿ ಲೈಟು ಹಿಡಿಯುತ್ತಿದ್ದವನು, ಈಗ ಸ್ವಂತ ಕ್ಯಾಮೆರಾ ಇಟ್ಟುಕೊಂಡಿದ್ದಾನೆ. ಅವನ ಫೋನಿನಲ್ಲಾದರೂ ಒಂದಿರಬಹುದು ಎಂದು ಕೇಳಿದಳು. ಆ ಕಡೆಯಿಂದ ಚೆಂಡೆಯ ಸದ್ದು, ಯಾವುದೋ ಶಾಲೆಯ ಸಮಾರಂಭದಲ್ಲಿದ್ದ.

"ಫೋನಲ್ಲಿ ಇಲ್ಲಕ್ಕ, ಹಳೇ ಫೋನು ಹೋಯ್ತು. ಅಲ್ಲಾ, ನೀವು ವೈಟ್ ಬ್ಯಾಲೆನ್ಸ್ ನೋಡ್ಲಿಲ್ವಾ?"

"ಏನದು?"

"ಚೌಲ್ಟ್ರಿ ಲೈಟಿಗೆ ಬಿಳಿ ಬಟ್ಟೆನೂ ಹಳದಿ ಕಾಣುತ್ತಲ್ಲಕ್ಕ. ಅದಕ್ಕೇ ಶುರು ಮಾಡೋ ಮೊದಲು ಕ್ಯಾಮೆರಾಕ್ಕೆ ಏನಾದ್ರೂ ಬಿಳೀದು ತೋರಿಸಿ ಬಣ್ಣ ಸರಿ ಮಾಡ್ಕೋಬೇಕು. ಅಣ್ಣ ಕರ್ಚೀಫು ಹಿಡ್ಕೊಂಡು ಮಂಟಪದಲ್ಲಿ ಗಂಡು ನಿಲ್ಲೋ ಜಾಗದಲ್ಲೇ ನಿಲ್ಲೋರು, ನಾನು ಫೋಟೊ ಹೊಡೀತಿದ್ದೆ. ಒಂದ್ ಮದುವೆನೂ ಬಿಟ್ಟಿಲ್ಲ. ಒರಿಜಿನಲ್ ಫೋಲ್ಡರಲ್ಲಿ ಮೊದಲನೇ ಫೋಟೊ ನೋಡಿ."

ಫೋನು ಕಿವಿಯಲ್ಲಿರುವಾಗಲೇ ಅವಳು ತೆರೆದಳು. ಇಷ್ಟು ವರ್ಷ ಒಲೆಯ ನೆಪ ಹೇಳಿ ಅವಳು ಹೋಗದಿದ್ದ ಫೋಲ್ಡರು. ಕೈಗೆ ಸಿಕ್ಕಿದ ಮೊದಲ ಮದುವೆಯ ಮೊದಲ ಫೋಟೊ.

ಖಾಲಿ ಮಂಟಪ. ಬಾಳೆಕಂಬ, ಹೂವಿನ ಪರದೆ. ಹಸೆಮಣೆಯ ಹಿಂದೆ ಶಶಿಕುಮಾರ್, ಚೌಕಳಿ ಶರ್ಟಿನಲ್ಲಿ, ಬಿಳಿ ಕರವಸ್ತ್ರದ ಎರಡು ತುದಿ ಹಿಡಿದು ಎದೆಯ ಮೇಲೆ ಬಿಚ್ಚಿಕೊಂಡು ನಿಂತು ನಗುತ್ತಿದ್ದ.

"ಅತ್ತೆ!" ಎಂದು ಅವಳು ಕೂಗಿದ ರೀತಿಗೆ, ಹಿತ್ತಲಿನಲ್ಲಿದ್ದ ಸಿದ್ದಮ್ಮ ಏನಾಯಿತೋ ಎಂದು ಸೊಪ್ಪು ಬಿಸಾಡಿ ಓಡಿಬಂದಳು. ಬಂದವಳು ಬಾಗಿಲಲ್ಲೇ ನಿಂತಳು. ಆಮೇಲೆ ಮೆಲ್ಲಗೆ ಹತ್ತಿರ ಬಂದು, ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು, ಪರದೆಯ ಮೇಲೆ ಮಗನ ಕೆನ್ನೆಯಿದ್ದ ಜಾಗವನ್ನು ಬೆರಳಿನಿಂದ ಮುಟ್ಟಿದಳು. "ಲೋ..." ಎಂದಳಷ್ಟೇ.

ಉಷಾರಾಣಿ ಇನ್ನೊಂದು ಮದುವೆ ತೆರೆದಳು, ಮತ್ತೊಂದು. ಪ್ರತಿಯೊಂದರ ಮೊದಲಿಗೂ ಅವನಿದ್ದ. ಗುಲಾಬಿ ಮಂಟಪದಲ್ಲಿದ್ದ, ತೆಂಗಿನ ಗರಿಯ ಚಪ್ಪರದಡಿಯಲ್ಲಿದ್ದ. ಒಂದರಲ್ಲಿ ಕರವಸ್ತ್ರದ ಅಂಚು ಕಚ್ಚಿಕೊಂಡು ಮದುಮಗಳ ಹಾಗೆ ನಾಚುವ ಮುಖ ಮಾಡಿದ್ದ. ಧರ್ಮೇಂದ್ರನನ್ನು ನಗಿಸಲು ಇರಬೇಕು, ಫೋಟೊ ಅಲುಗಾಡಿತ್ತು. ಹಳೆಯದರಲ್ಲಿ ತೆಳ್ಳಗಿದ್ದ, ಆಮೇಲೆ ಹೊಟ್ಟೆ ಬಂತು, ಕಿವಿಯ ಮೇಲೆ ನರೆ ಬಂತು. ಅವಳು ಅವನ ಜೊತೆ ಕಳೆದ ಅಷ್ಟೂ ವರ್ಷ ಅಲ್ಲಿ ಒಂದೊಂದಾಗಿ ನಿಂತು ಅವಳ ಕಡೆ ನೋಡಿ ನಗುತ್ತಿದ್ದವು. ಅವ್ವನೂ ಹೆಂಡತಿಯೂ ಅತ್ತರು, ನಡುನಡುವೆ ನಕ್ಕರು.

"ನೋಡೇ ಇವ್ನ! ಊರ ಗಂಡುಗಳ ಜಾಗದಲ್ಲೆಲ್ಲಾ ನಿಂತು ಬಂದವ್ನೆ!" ಎಂದು ಸಿದ್ದಮ್ಮ ಮೂಗೊರೆಸಿಕೊಂಡಳು. ಅವಳಿಗೆ ಯಾವುದನ್ನು ಆರಿಸಬೇಕೆಂದೇ ತಿಳಿಯಲಿಲ್ಲ. ಕೊನೆಗೆ ಮೊದಲು ಕಂಡದ್ದೇ ಇರಲಿ ಎಂದಳು. ಉಷಾರಾಣಿ ಅಭ್ಯಾಸಬಲದಿಂದ ಮುಖ ಬಿಡಿಸಲು ಹೊರಟಾಗ ಅತ್ತೆ ಅವಳ ಕೈ ಹಿಡಿದಳು.

"ಏನೂ ಕತ್ತರಿಸ್ಬ್ಯಾಡ. ಮಂಟಪ ಹಂಗೇ ಇರ್ಲಿ. ಬಾಳೆಕಂಬ ಇರ್ಲಿ."

"ಮದುವೆ ಮಂಟಪ ಅತ್ತೆ. ಎಡೆಗೆ ಇಡೋದಲ್ವಾ?"

"ಇರ್ಲಿ ಕಣೇ."

ಮಾರ್ಲಮಿಯ ಬೆಳಿಗ್ಗೆ ನವೀನ್‌ಕುಮಾರ್ ಹೊಸ ಡಿಸ್ಕು ತಂದ. ಈ ಸಲ ಅವನೇ ಮಂಚದ ಕಡೆ ತಿರುಗಿ, "ಅಜ್ಜಿ, ಏನ್ಮಾಡ್ಲಿ? ಒಂದೊಂದಕ್ಕೆ ಒಂದೊಂದಾ, ಇಲ್ಲಾ ಕನ್ನಡಿನಾ?" ಎಂದು ಕೇಳಿದ. ಸಿದ್ದಮ್ಮ ಒಳಗೆ ಹೋಗಿ ಅರಿಶಿಣ ಕುಂಕುಮದ ಬಟ್ಟಲು ತಂದು, ಹೊಸ ಡಿಸ್ಕಿನ ನೆತ್ತಿಗೆ ಎರಡನ್ನೂ ಇಟ್ಟಳು. "ಎಲ್ಲಾರ್ನೂ ಒಟ್ಟಿಗೇ ಹಾಕು. ಎರಡ್ರಲ್ಲೂ ಹಾಕು" ಎಂದಳು. ಅವನು ಪೆಟ್ಟಿಗೆ ಬಿಚ್ಚಿ ಕೂರಿಸಿದ. ಯಾವುದು ತುಂಬಿದ್ದು, ಯಾವುದು ಖಾಲಿ ಎಂದು ಉಷಾರಾಣಿ ಅವನಿಂದ ಮತ್ತೆ ಮತ್ತೆ ಹೇಳಿಸಿದಳು. ಅದಲು ಬದಲಾದರೆ ಖಾಲಿಯೇ ಎರಡಾಗುತ್ತದೆ ಎಂದು ಅವನೇ ಹೆದರಿಸಿದ್ದ. ಶುರು ಮಾಡಿದ ಮೇಲೆ ಇನ್ನೊಂದು ಬುದ್ಧಿಮಾತನ್ನೂ ಹೇಳಿದ: ಕನ್ನಡಿಯಲ್ಲಿ ಅಳಿಸಿದ್ದೂ ಎರಡು ಕಡೆ ಅಳಿಯುತ್ತದೆ, ಹೊಳೆ ಬಂದರೆ ಎರಡೂ ಒಟ್ಟಿಗೇ ಮುಳುಗುತ್ತವೆ, ಆದ್ದರಿಂದ ಮೂರನೆಯದೊಂದು ಧರ್ಮೇಂದ್ರನ ಮನೆಯಲ್ಲಿರಲಿ. ಕೆಟ್ಟ ಮೇಲೆ ಬುದ್ಧಿ ಬಂದವರು ಆಗಲಿ ಎಂದು ಒಪ್ಪಿಕೊಂಡರು. ಪೂರ್ತಿಯಾಗಲು ಸಂಜೆಯಾಗುತ್ತದೆ ಎಂದು ಹೇಳಿ, ಒಂದು ವಡೆ ಬಾಯಿಗೆ ಹಾಕಿಕೊಳ್ಳಲು ಹೋದವನು ಇನ್ನೂ ಎಡೆಯಾಗಿಲ್ಲವೆಂದು ಬೈಸಿಕೊಂಡು ಹೊರಟ.

ಸಂಜೆ ಆ ಕೋಣೆಯಲ್ಲೇ ಎಡೆ ಇಟ್ಟರು. ಗೋಡೆಯ ಬುಡದಲ್ಲಿ ಮಣೆ ಹಾಕಿ ಎರಡು ಫೋಟೊ. ಕೋಟಿನ ಪುಟ್ಟಸ್ವಾಮಿ, ಅವನ ಪಕ್ಕದಲ್ಲಿ ಮಂಟಪದಲ್ಲಿ ನಿಂತ ಮಗ. ಅಪ್ಪನಿಗೆ ಬೀಡಿ ಕಟ್ಟು, ಮಗನಿಗೆ ಅಕ್ಕಿ ರೊಟ್ಟಿ, ಕೋಳಿ ಸಾರು, ಸಕ್ಕರೆ ಕಡಿಮೆ ಹಾಕಿದ ಕಾಫಿ. ಎಡೆಗೆ ಹೊಸ ಬಟ್ಟೆ ಇಡಬೇಕಲ್ಲ. ಅಪ್ಪನಿಗೆ ಪಂಚೆ ಇಟ್ಟ ಸಿದ್ದಮ್ಮ ಮಗನ ಎಲೆಯ ಪಕ್ಕದಲ್ಲಿ ಒಂದು ಹೊಸ ಬಿಳಿ ಕರವಸ್ತ್ರ ಇಟ್ಟಳು. ಅದನ್ನು ಅವಳು ಯಾವಾಗ ಪೇಟೆಗೆ ಹೋಗಿ ತಂದಿದ್ದಳೋ ಸೊಸೆಗೆ ಗೊತ್ತಿರಲಿಲ್ಲ. ಬಡಿಸುವಾಗ ಈ ಸಲ ಅವಳು ಮುಖ ತಿರುಗಿಸಲಿಲ್ಲ.

ಎಡೆಯಿಟ್ಟ ಮೇಲೆ ಬಾಗಿಲು ಮುಂದೆ ಮಾಡಿಕೊಂಡು ಮನೆಯವರು ಹೊರಗೆ ಕೂರಬೇಕು. ಹಿರಿಯರು ಸಂಕೋಚವಿಲ್ಲದೆ ಬಂದು ಉಣ್ಣಲಿ ಎಂದು. ಅತ್ತೆ ಸೊಸೆ ಜಗಲಿಯ ಮೇಲೆ ಕೂತರು. ಬೀದಿಯ ಮನೆಗಳ ಬಾಗಿಲೆಲ್ಲ ಮುಚ್ಚಿದ್ದವು, ಎಲ್ಲರೂ ಹೊರಗಿದ್ದರು. ಮುಚ್ಚಿದ ಬಾಗಿಲ ಹಿಂದಿನಿಂದ ಸಣ್ಣಗೆ ಗುಂಯ್ ಎನ್ನುವ ಸದ್ದು ಬರುತ್ತಿತ್ತು.

"ಒಳಗೇನೋ ಸದ್ದಾಯ್ತದೆ" ಎಂದಳು ಸಿದ್ದಮ್ಮ.

"ಕಂಪ್ಯೂಟರ್ ಅತ್ತೆ. ಒಂದರಲ್ಲಿ ಇರೋರು ಇನ್ನೊಂದಕ್ಕೂ ಹೋಗ್ತಾವ್ರೆ."

"ಎಲ್ಲಾರೂ?"

"ಎಲ್ಲಾರೂ."

ಸಿದ್ದಮ್ಮ ಬಾಗಿಲನ್ನೇ ನೋಡುತ್ತ ಕೂತಳು. ಉಷಾರಾಣಿ ಅವಳ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡಳು. ಒಳಗಿನ ಸದ್ದು ನಿಂತಾಗ ಬೀದಿಯಲ್ಲಿ ಒಂದೆರಡು ಬಾಗಿಲು ತೆರೆದಿದ್ದವು. ಉಷಾರಾಣಿ ಎದ್ದು, ಪದ್ಧತಿಯಂತೆ ಮೂರು ಸಲ ಬಾಗಿಲು ತಟ್ಟಿ, ಒಳಗೆ ಹೋಗಿ ಪರದೆ ನೋಡಿ ಬಂದಳು.

"ಆಯ್ತಾ?" ಎಂದಳು ಸಿದ್ದಮ್ಮ. "ಎರಡ್ರಲ್ಲೂ ಅವ್ನಾ ನನ್ನ ಮಗ?"

"ಎರಡ್ರಲ್ಲೂ ಅವ್ರೆ ಅತ್ತೆ."

ಸಿದ್ದಮ್ಮ ಮೊಣಕಾಲಿಗೆ ಕೈಯೂರಿ ಎದ್ದಳು. "ಹಂಗಾದ್ರೆ ಎಲೆ ಹಾಕವ್ವ, ನಾವೂ ಉಣ್ಣಾನ."